ಒಂದೇ ನಂಬರಿನ ಬೀದಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಬೀದಿಯವರು ಹೇಳುತ್ತಾರೆ. ಇರಬಹುದು. ಆದರೆ ನನ್ನತ್ತೆಯ ಜೊತೆ ಒಂದೇ ಸೂರಿನಡಿ ಬದುಕಿಕೊಂಡು ಕೋಪವನ್ನು ಬೇರೆಲ್ಲಾದರೂ ಇಡಲು ಸಾಧ್ಯವಿದ್ದರೆ ಅವರೇ ಬಂದು ಇಟ್ಟು ತೋರಿಸಲಿ. ಬೇರೆ ಮನೆಗಳ ಅತ್ತೆಯರು ಊಟಕ್ಕೆ ಕೂತಾಗ ಉಪ್ಪು ಕಡಿಮೆ, ಖಾರ ಜಾಸ್ತಿ ಎನ್ನುತ್ತಾರೆ. ನನ್ನತ್ತೆ ತಟ್ಟೆಯ ಪಕ್ಕದಲ್ಲಿ ಫೋನ್ ಇಟ್ಟುಕೊಂಡು, ಯಾವುದೋ ಹೊಸ ಆ್ಯಪ್‌ನ ಷರತ್ತುಗಳನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದುತ್ತಾರೆ. "ಒಪ್ಪಿಗೆ ಅನ್ನೋದನ್ನ ಸುಮ್ಸುಮ್ನೆ ಒತ್ಬಾರ್ದು ಕಣೇ. ನಾಳೆ ಮನೇನೇ ಬರ್ಕೊಟ್ಟಿದ್ದೀಯ ಅಂದ್ರೆ ಏನ್ಮಾಡ್ತೀಯ?" ಎಂದು ನನಗೆ ಬುದ್ಧಿ ಬೇರೆ ಹೇಳುತ್ತಾರೆ. ನಾವಿರುವುದು ಬಾಡಿಗೆ ಮನೆ.

ಬೀದಿಯ ತಿರುವಿನಲ್ಲಿರುವ ಟೈಲರ್ ಅಂಗಡಿಯಲ್ಲಿ ಅವರದು ಕೈಹೊಲಿಗೆಯ ಕೆಲಸ. ಮಾಸ್ಟರ್ ಕತ್ತರಿಸಿ ಮಷಿನ್‌ನಲ್ಲಿ ಹೊಲಿದು ಎಸೆದ ಬಟ್ಟೆಗೆ ಗುಂಡಿ ಹಾಕುವುದು, ಗುಂಡಿ ತೂರುವ ಕಾಜಾ ಹೊಲಿಯುವುದು, ಅಂಚು ಮಡಚುವುದು ಎಲ್ಲ ಇವರ ಪಾಲಿಗೆ. ಕೈಗಳಿಗೆ ಪುರುಸೊತ್ತಿಲ್ಲ, ಕಿವಿಗಳಿಗೆ ಕೆಲಸವಿಲ್ಲ. ಆ ಕಿವಿಗೆ ಮೊದಲು ರೇಡಿಯೊ ಇತ್ತು, ಈಗ ಫೋನ್ ಇದೆ. ಹಾಡು ಕೇಳಬಹುದಿತ್ತಲ್ಲವೇ? ಇಲ್ಲ. ತಂತ್ರಜ್ಞಾನದ ಸುದ್ದಿ ಬೇಕು, ಸದನದ ನೇರಪ್ರಸಾರ ಬೇಕು. ಅದರಲ್ಲೂ ಆರೋಗ್ಯ ಇಲಾಖೆಯ ಚರ್ಚೆ ಇದ್ದ ದಿನ ಅಂಗಡಿಯ ಯಜಮಾನರಾದ ಮಾಸ್ಟರ್ ಕೂಡ ಇವರನ್ನು ಮಾತಾಡಿಸುವಂತಿಲ್ಲ. ಯಾವ ಕಂಪನಿಯ ಫೋನಿನ ಬ್ಯಾಟರಿ ಊದಿಕೊಳ್ಳುತ್ತದೆ, ಎಕ್ಸ್‌ರೇ ನೋಡಿ ರೋಗ ಹೇಳುವ ಕಂಪ್ಯೂಟರ್ ಎಲ್ಲಿಯವರೆಗೆ ಬಂತು, ಔಷಧಿ ದರದ ಮಸೂದೆ ಯಾವ ಸಮಿತಿಯಲ್ಲಿ ಧೂಳು ತಿನ್ನುತ್ತಿದೆ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿ. ಆರೋಗ್ಯ ಮಂತ್ರಿಯ ಬಗ್ಗೆಯಂತೂ ಒಡಹುಟ್ಟಿದ ತಮ್ಮನ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಾರೆ. "ನಿನ್ನೆ ಪಾಪ, ಉತ್ತರ ಹೊಳೀದೆ ಮೂರು ಸಲ ನೀರು ಕುಡ್ದ" ಎಂದು ಮರುಕಪಡುತ್ತಾರೆ. ಬೀದಿಯವರು ಅವರಿಗೆ ಅಪ್‌ಡೇಟಮ್ಮ ಎಂದು ಹೆಸರಿಟ್ಟಿದ್ದಾರೆ. ಅವರಿಗೆ ಆ ಹೆಸರಿನ ಮೇಲೆ ಕೋಪವಿಲ್ಲ, ಹೆಮ್ಮೆ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅವರು ಮೊದಲು ಕೇಳಿದ್ದು ನನ್ನ ಫೋನನ್ನು. ತಿರುಗಿಸಿ ಮುರುಗಿಸಿ ನೋಡಿ, "ಇದು ಎಷ್ಟು ಹಳೇದಾಗಿದೆ ನೋಡು, ಅಪ್‌ಡೇಟ್ ಹಾಕ್ತೀನಿ ತಾಳು" ಎಂದು ಹಾಕಿಯೇ ಬಿಟ್ಟರು. ಸಂಜೆಯವರೆಗೂ ಫೋನ್ ಕಪ್ಪಗೆ ಮುಖ ಮಾಡಿಕೊಂಡು ಕೂತಿತ್ತು. ಅತ್ತ ನನ್ನಮ್ಮ, ಮಗಳು ಫೋನೇ ಎತ್ತುತ್ತಿಲ್ಲ, ಏನು ಕಷ್ಟವೋ ಏನೋ ಎಂದು ಅಳುತ್ತ ಬಸ್ಸು ಹತ್ತಿ ಬಂದುಬಿಟ್ಟಳು. ಅವಳಿಗೆ ಬಾಗಿಲು ತೆಗೆದ ಅತ್ತೆ ಕುಶಲ ಕೇಳುವ ಮೊದಲು ಕೇಳಿದ್ದು, "ನಿಮ್ಮ ಫೋನ್ ಅಪ್‌ಡೇಟ್ ಆಗಿದ್ಯಾ?"

ಇನ್ನು ನನ್ನ ಗಂಡ. ಬಡಗಿ. ಕಪಾಟು, ಮೇಜು, ಬಾಗಿಲು ಎಂದರೆ ಕೈ ಚಿನ್ನ. ಆದರೆ ಎದೆ ಮಾತ್ರ ಆ ಕೆಲಸಕ್ಕೆ ಹೇಳಿ ಮಾಡಿಸಿದ್ದಲ್ಲ. ಮರದ ಹೊಟ್ಟು ಒಳಗೆ ಹೋದರೆ, ಹವೆ ತಣ್ಣಗಾದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಎದೆಯೊಳಗೆ ಸಿಳ್ಳೆ ಹೊಡೆದಂತೆ ಸದ್ದು ಬರುತ್ತದೆ, ತುಟಿ ಬಣ್ಣಗೆಡುತ್ತದೆ. ಆಗ ಬೇಕಾಗುವುದು ಒಂದೇ, ಔಷಧಿಯನ್ನು ಹೊಗೆಯಂತೆ ಮಾಡಿ ಮಾಸ್ಕ್ ಮೂಲಕ ಕೊಡುವ ಪುಟ್ಟ ಯಂತ್ರ. ಅದು ನಮ್ಮ ಬೀದಿಯ ಕೊನೆಯಲ್ಲಿರುವ ಸರ್ಕಾರಿ ಆಸ್ಪತ್ರೆಯಲ್ಲಿದೆ. ಆಸ್ಪತ್ರೆ ಎಂದರೆ ಎರಡು ಕೋಣೆ, ಒಂದು ಅಂಗಳ, ಗೋಡೆಗೊರಗಿಸಿದ ಒಂದು ಉದ್ದನೆಯ ಬೆಂಚು. ಡಾಕ್ಟರ್ ಬೆಳಿಗ್ಗೆ ಬಂದು ಮಧ್ಯಾಹ್ನ ಹೋಗುತ್ತಾರೆ. ಸಿಸ್ಟರ್ ದಿನವಿಡೀ ಇರುತ್ತಾರೆ. ನನ್ನ ಗಂಡನ ಹೆಜ್ಜೆಯ ಸದ್ದು ಕೇಳಿದರೇ ಸಾಕು, ಅವರು ಯಂತ್ರದ ವೈರನ್ನು ಗೋಡೆಗೆ ಚುಚ್ಚಿ ಸಿದ್ಧವಾಗಿರುತ್ತಾರೆ.

ಒಮ್ಮೆ ಆಸ್ಪತ್ರೆಗೆ ರಜೆಯಿದ್ದ ದಿನ ಮಧ್ಯಾಹ್ನ ನನ್ನ ಗಂಡನಿಗೆ ಉಸಿರು ಕಟ್ಟಿತು. ದೊಡ್ಡಾಸ್ಪತ್ರೆಗೆ ಎರಡು ಬಸ್ಸು ಬದಲಿಸಬೇಕು. ಆಟೋ ಹಿಡಿದೆವು, ಆಟೋದವನು ಸೇತುವೆಯ ಮೇಲೆ ವಾಹನಗಳ ನಡುವೆ ಸಿಕ್ಕಿಹಾಕಿಕೊಂಡ. ಒಂದು ಪಕ್ಕದಲ್ಲಿ ನಾನು, ಇನ್ನೊಂದು ಪಕ್ಕದಲ್ಲಿ ಅತ್ತೆ, ನಡುವೆ ಅವರು ಮೀನಿನ ಹಾಗೆ ಬಾಯಿ ತೆರೆದುಕೊಂಡು ನನ್ನ ಕೈಯನ್ನು ಹಿಡಿದಿದ್ದರು. ಆ ಹಿಡಿತ ಸಡಿಲವಾಗುತ್ತ ಬಂದದ್ದು ನನಗಿನ್ನೂ ಮರೆತಿಲ್ಲ. ಬದುಕಿಕೊಂಡರು. ಆದರೆ ಬೀದಿಯ ಕೊನೆಯ ಆ ಎರಡು ಕೋಣೆ ಇಲ್ಲದಿದ್ದರೆ ನನ್ನ ಗಂಡ ಇಲ್ಲ ಎನ್ನುವುದು ಆವತ್ತು ನನಗೂ ಅತ್ತೆಗೂ ಖಚಿತವಾಯಿತು. ಬೇರೆ ಯಾವ ವಿಷಯದಲ್ಲೂ ನಮಗಿಬ್ಬರಿಗೆ ಒಮ್ಮತವಿಲ್ಲ.

ಹೀಗಿರುವಾಗ ಆರೋಗ್ಯ ಮಂಡಳಿಯವರು ಹೊಸ ನಿಯಮ ತಂದರು. ಇನ್ನು ಆಸ್ಪತ್ರೆಗೆ ಬರುವವರು ಫೋನಿನಲ್ಲಿ ಆ್ಯಪ್ ಹಾಕಿಕೊಂಡು, ಅದರಲ್ಲೇ ಟೋಕನ್ ತೆಗೆದುಕೊಂಡು ಬರಬೇಕು. ಬೀದಿಯೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತಿತು. ಕೆಲವರ ಬಳಿ ಫೋನೇ ಇಲ್ಲ, ಕೆಲವರದ್ದು ಗುಂಡಿ ಒತ್ತುವ ಹಳೆಯ ಫೋನ್, ಇದ್ದವರದ್ದು ಚಾರ್ಜ್ ಇರುವುದಿಲ್ಲ. ಹಿಡಿಸಲಾರದ ಸಂತೋಷವಾದದ್ದು ನನ್ನತ್ತೆಗೆ ಮಾತ್ರ. ಆ ಆ್ಯಪ್‌ನ ವಿಷಯ ಸದನದಲ್ಲಿ ಮೊದಲ ಸಲ ಪ್ರಸ್ತಾಪವಾದಾಗಿನಿಂದ ಅವರು ಅದನ್ನು ಹಿಂಬಾಲಿಸಿಕೊಂಡು ಬಂದಿದ್ದರು. ಅದರ ಷರತ್ತುಗಳನ್ನು ನಮಗೆ ಸತತವಾಗಿ ಊಟದ ಜೊತೆಗೆ ಬಡಿಸಿದರು. "ನೋಡಿ, ಇಲ್ಲಿ ಎಷ್ಟು ಒಳ್ಳೇದು ಬರ್ದಿದ್ದಾರೆ. ರೋಗಿ ಕೇಳಿದ್ರೆ ಅವನ ದಾಖಲೆ ಪೂರ್ತಿ ಅವನಿಗೆ ಓದಿ ಹೇಳ್ಬೇಕಂತೆ" ಎಂದು ಕಣ್ಣರಳಿಸಿದರು. ನಾನು, "ಮೊದ್ಲು ಅನ್ನ ತಿನ್ನಿ ಅತ್ತೆ, ಆರಿಹೋಗ್ತಿದೆ" ಎಂದೆ.

ಟೈಲರ್ ಅಂಗಡಿ ಟೋಕನ್ ಕಚೇರಿಯಾಯಿತು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಕೆಮ್ಮುವವರು, ಕುಂಟುವವರು, ಮಗು ಎತ್ತಿಕೊಂಡವರು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಅತ್ತೆ ಸೂಜಿಯನ್ನು ಸೆರಗಿಗೆ ಸಿಕ್ಕಿಸಿ ಫೋನ್ ತೆಗೆಯುತ್ತಿದ್ದರು. ಆ್ಯಪ್ ಮೊದಲು ಕೇಳುತ್ತಿದ್ದದ್ದು: ಟೋಕನ್ ಯಾರಿಗೆ? ಕೆಳಗೆ ಎರಡು ಬಟನ್. ಒಂದು 'ನನಗೆ', ಇನ್ನೊಂದು 'ಬೇರೆಯವರಿಗೆ'. 'ಬೇರೆಯವರಿಗೆ' ಒತ್ತಿದರೆ ದೊಡ್ಡ ಪುರಾಣವೇ ಶುರು. ಹುಟ್ಟಿದ ದಿನಾಂಕ ಬೇಕು, ನಿಮಗೂ ಅವರಿಗೂ ಏನು ಸಂಬಂಧ ಹೇಳಬೇಕು, ಅವರ ಫೋನ್ ನಂಬರ್ ಕೊಡಬೇಕು, ಆ ಫೋನಿಗೆ ಒಟಿಪಿ ಬರಬೇಕು. ಮೊದಲ ದಿನ ಬಂದವರು ಮೊಣಕಾಲು ನೋವಿನ ವಾಚ್‌ಮನ್ ತಾತ.

"ಹುಟ್ಟಿದ್ದು ಯಾವಾಗ ತಾತ?" ಎಂದು ಅತ್ತೆ ಕೇಳಿದರು.

"ಜೋರು ಗಾಳಿ ಬಂದು ಶಾಲೆ ಹಂಚೆಲ್ಲ ಹಾರ್ಹೋಯ್ತಲ್ಲ, ಆ ವರ್ಷ."

ಆ್ಯಪ್‌ನಲ್ಲಿ ಗಾಳಿಯ ವರ್ಷಕ್ಕೆ ಜಾಗವಿರಲಿಲ್ಲ. ತಾತನಿಗೆ ನಿಲ್ಲಲಾಗುತ್ತಿರಲಿಲ್ಲ, ಹಿಂದೆ ನಿಂತವರು ನರಳುತ್ತಿದ್ದರು. ಅತ್ತೆ 'ನನಗೆ' ಎಂಬುದನ್ನು ಒತ್ತಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಟೋಕನ್ ಬಂತು. ಆವತ್ತಿನಿಂದ ಅದೇ ರೂಢಿಯಾಯಿತು. ಯಾರೇ ಬರಲಿ, ಏನೇ ಕಾಯಿಲೆಯಿರಲಿ, 'ನನಗೆ'. ಜಗತ್ತಿನ ಷರತ್ತುಗಳನ್ನೆಲ್ಲ ಓದುವ ಈ ಹೆಂಗಸು, ಎದುರಿಗೆ ನೋವು ತಿನ್ನುವವರು ನಿಂತರೆ ಓದುವುದನ್ನೇ ಮರೆಯುತ್ತಾರೆ. ಆಸ್ಪತ್ರೆಯಲ್ಲೂ ಯಾರೂ ಕೇಳಲಿಲ್ಲ. ಸಿಸ್ಟರ್ ಟೋಕನ್ ನಂಬರ್ ಕೂಗುತ್ತಿದ್ದರು, ಕೂಗಿಸಿಕೊಂಡವರು ಒಳಗೆ ಹೋಗುತ್ತಿದ್ದರು, ಡಾಕ್ಟರ್ ಆ ನಂಬರಿನ ಕೆಳಗೆ ಕಾಯಿಲೆ ಬರೆಯುತ್ತಿದ್ದರು. ಪರದೆಯ ಮೇಲೆ ಸದಾ ಕಾಣುವ ಅತ್ತೆಯ ಹೆಸರು, ಟೋಕನ್ ತೆಗೆದುಕೊಟ್ಟವರ ಹೆಸರು ಎಂದು ಸಿಸ್ಟರ್ ತಿಳಿದಿದ್ದರು.

ಸ್ವಲ್ಪ ದಿನಕ್ಕೆ ಅತ್ತೆಯ ಫೋನಿಗೆ ಸಂದೇಶಗಳು ಬರತೊಡಗಿದವು. ಕೂದಲು ಹಣ್ಣಾದ ಹೆಂಗಸಿಗೆ ಆ್ಯಪ್ ಹೇಳುತ್ತಿತ್ತು: 'ನಿಮಗೆ ಏಳು ತಿಂಗಳು ತುಂಬಿದೆ, ಅಭಿನಂದನೆ, ಭಾರ ಎತ್ತಬೇಡಿ.' ಅತ್ತೆ ಅದನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದಾಗ ಮಾಸ್ಟರ್ ನಕ್ಕು ನಕ್ಕು ಕತ್ತರಿಯನ್ನು ಕೆಳಗಿಟ್ಟರು. "ಹಾಗಾದ್ರೆ ನೀರಿನ ಬಿಂದಿಗೆ ನಾನೇ ತರ್ತೀನಿ ಬಿಡಿ, ಈ ಸಮಯದಲ್ಲಿ ನೀವು ಎತ್ಬಾರ್ದು" ಎಂದು ನಾನೂ ಕಾಲೆಳೆದೆ. ಮರುದಿನ ಅದೇ ಆ್ಯಪ್ ಅವರಿಗೆ ನಾಯಿಕೆಮ್ಮಿನ ಲಸಿಕೆ ನೆನಪಿಸಿತು. ಅದರ ಮರುದಿನ ಗಡ್ಡ ಬೋಳಿಸುವಾಗ ಮೊಡವೆಗಳನ್ನು ತಪ್ಪಿಸಿ ಎಂದಿತು. "ಹೊಸ ಆ್ಯಪ್ ಅಲ್ವಾ, ಇನ್ನೂ ಎಳಸು. ಒಂದು ಅಪ್‌ಡೇಟ್ ಬಂದ್ರೆ ಸರಿಹೋಗುತ್ತೆ" ಎಂದು ಅತ್ತೆ ಅದರ ಪರವಾಗಿಯೇ ಮಾತಾಡಿದರು.

ಆಮೇಲೆ ಆ ದಿನ ಬಂತು. ನಾನು ಊಟದ ಡಬ್ಬಿ ಕೊಡಲು ಅಂಗಡಿಗೆ ಹೋಗಿದ್ದೆ. ಸದನದ ಪ್ರಸಾರ ನಡೆಯುತ್ತಿತ್ತು. ಅತ್ತೆ ಬಿಳಿ ಅಂಗಿಯೊಂದರ ಕಾಲರಿಗೆ ಗುಂಡಿ ಹಾಕುತ್ತಿದ್ದರು. ಮಂತ್ರಿ, ರೋಗಿಗಳೇ ಬಾರದ ಸಣ್ಣ ಆಸ್ಪತ್ರೆಗಳನ್ನು ಮುಚ್ಚುವ ಯೋಜನೆಯನ್ನು ವಿವರಿಸುತ್ತಿದ್ದರು. "ಒಂದು ಆಸ್ಪತ್ರೆಯಲ್ಲಂತೂ ಆ್ಯಪ್ ಬಂದಾಗಿನಿಂದ ಇಲ್ಲಿಯವರೆಗೆ ಬಂದ ರೋಗಿ ಒಬ್ಬರೇ. ಒಬ್ಬರಿಗೋಸ್ಕರ ಒಂದು ಆಸ್ಪತ್ರೆ ನಡೆಸುವುದು ಹೇಗೆ?" ಎಂದರು. ಸದನ ನಕ್ಕಿತು. ಅತ್ತೆಯೂ ನಕ್ಕರು. ಆಗ ಮಂತ್ರಿ ನಮ್ಮ ಬೀದಿಯ ಹೆಸರು ಹೇಳಿದರು.

ಸೂಜಿ ಅತ್ತೆಯ ಬೆರಳಿಗೆ ಚುಚ್ಚಿತು. ಬಿಳಿ ಕಾಲರಿನ ಮೇಲೆ ಕೆಂಪು ಚುಕ್ಕೆ ಬಿತ್ತು. ಮಾಸ್ಟರ್ ಬೈಯಲಿಲ್ಲ. ಅತ್ತೆಯ ಮುಖದಲ್ಲಿ ರಕ್ತವೇ ಇರಲಿಲ್ಲ.

"ಆ ಒಬ್ಬ ರೋಗಿ ನಾನೇ ಕಣೇ" ಎಂದರು. "ಇಡೀ ಬೀದಿ ನನ್ನ ಫೋನ್ ನಂಬರಲ್ಲಿದೆ. 'ನನಗೆ' ಅಂತ ಒತ್ತಿ ಒತ್ತಿ ಎಲ್ಲರ್ನೂ ಅಳಿಸಿಹಾಕ್ಬಿಟ್ಟೆ."

ನನ್ನ ಮೈ ಉರಿದುಹೋಯಿತು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಇರಲಿ. "ಹೊತ್ತು ಮೂಡಿದ್ರೆ ಸಾಕು ಸದನ ಸದನ ಅಂತೀರಲ್ಲ, ಎಲ್ಲ ಗೊತ್ತು ಅಂತ ಊರಿಗೆಲ್ಲ ಹೇಳ್ತೀರಲ್ಲ. ಈಗ ನಿಮ್ಮ ಈ ಹುಚ್ಚು ನನ್ನ ಗಂಡನ ಉಸಿರಿಗೇ ಬಂತು" ಎಂದು ಕೂಗಾಡಿದೆ. ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ ಮನೆಗೆ ಬಂದೆ.

ಸಂಜೆ ನನ್ನ ಗಂಡ ಎಲ್ಲ ಕೇಳಿಸಿಕೊಂಡರು. ಉಳಿ ಒರೆಸುತ್ತ, "ಅಮ್ಮನ್ನ ಬೈಬೇಡ. ಅವ್ರು ಟೋಕನ್ ತೆಗ್ದು ಕೊಡ್ದೇ ಇದ್ದಿದ್ರೆ ಇಷ್ಟು ದಿನ ಯಾರಿಗೂ ಒಂದು ಮಾತ್ರೆ ಸಿಗ್ತಿರ್ಲಿಲ್ಲ" ಎಂದರು.

"ಅದೆಲ್ಲ ಸರಿ, ನಾಳೆ ಉಸಿರು ಕಟ್ಟಿದ್ರೆ ಎಲ್ಲಿಗೆ ಓಡ್ಲಿ?"

ಅವರು ಒರೆಸಿದ ಉಳಿಯನ್ನೇ ಮತ್ತೆ ಒರೆಸಿದರು. ಮೂಲೆಯಲ್ಲಿ ಕೂತಿದ್ದ ಅತ್ತೆ ತಲೆಯೆತ್ತಿದರು. "ತಪ್ಪು ನಂದೇ. ಬಯ್ಯೋದು ಮುಗಿದಿದ್ರೆ ಸ್ವಲ್ಪ ಸುಮ್ನಿರು. ನಂಗೆ ಯೋಚ್ನೆ ಮಾಡ್ಬೇಕು." ನಾನು ಮುಖ ಊದಿಸಿಕೊಂಡು ಅಡುಗೆಮನೆಗೆ ಹೋದೆ.

ಮರುದಿನ ಇಬ್ಬರೂ ಮಂಡಳಿಯ ಕಚೇರಿಗೆ ಹೋದೆವು. ಕಿಟಕಿಯ ಹಿಂದಿದ್ದ ಗುಮಾಸ್ತ ಒಳ್ಳೆಯ ಹುಡುಗ. ತಾಳ್ಮೆಯಿಂದ ಕೇಳಿದ. "ನೀವು ಹೇಳ್ತಿರೋದು ನಿಜಾನೇ ಇರ್ಬಹುದು ಅಮ್ಮ. ಆದ್ರೆ ಹಳೇ ದಾಖಲೆ ತಿದ್ದೋಕೆ ನಮ್ಗೂ ಅಧಿಕಾರ ಇಲ್ಲ. ಮುಚ್ಚೋಕೆ ಮುಂಚೆ ನಿಮ್ಮ ಆಸ್ಪತ್ರೆ ಅಂಗಳದಲ್ಲೇ ಒಂದು ಅಹವಾಲು ಸಭೆ ಮಾಡ್ತಾರೆ. ಅಲ್ಲಿ ಹೇಳಿ."

"ಯಾರು ಬೇಕಾದ್ರೂ ಮಾತಾಡ್ಬಹುದಾ?"

"ಯಾರು ಬೇಕಾದ್ರೂ ಬಂದು ಕೂರ್ಬಹುದು. ಮಾತಾಡೋದು ಮಾತ್ರ ನೋಂದಾಯಿತ ರೋಗಿಗಳು."

"ಅಂದ್ರೆ ನಾನೊಬ್ಳೇ."

ಅವನು ಪರದೆ ನೋಡಿದ. "ಹೌದಮ್ಮ. ನೀವೊಬ್ರೇ."

ವಾಪಸು ಬರುವ ಬಸ್ಸಿನಲ್ಲಿ ಅತ್ತೆ ಕಿವಿಗೆ ಏನನ್ನೂ ಹಾಕಿಕೊಳ್ಳಲಿಲ್ಲ. ಅಷ್ಟು ವರ್ಷಗಳಲ್ಲಿ ಅವರನ್ನು ಖಾಲಿ ಕಿವಿಯಲ್ಲಿ ನೋಡಿದ್ದು ಅದೇ ಮೊದಲು. ನಮ್ಮ ನಿಲ್ದಾಣ ಬರುವ ಹೊತ್ತಿಗೆ ಅವರ ಮುಖದಲ್ಲಿ ಬೆಳಕು ಬಂದಿತ್ತು. "ನಾನೊಬ್ಳೇ ಮಾತಾಡಿದ್ರೆ ಸಾಕು ಕಣೇ. ಉಳಿದವ್ರು ಎದ್ದು ನಿಂತ್ರೆ ಆಯ್ತು" ಎಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಮನೆ ಸೇರುವವರೆಗೆ ಬಿಡಿಸಿ ಹೇಳಿದರು. ನಾನು ಹೂಂ ಎಂದೆ. ಹೂಂ ಅಂದದ್ದು ಬಿಟ್ಟರೆ ಮೆಚ್ಚಿದ್ದನ್ನು ತೋರಿಸಲಿಲ್ಲ, ಆಗಲೇ ತೋರಿಸಿದರೆ ಅವರನ್ನು ಹಿಡಿಯುವವರಿರಲಿಲ್ಲ.

ಸಂಜೆಯಿಂದಲೇ ಮನೆ ಮನೆಗೆ ಹೋದೆವು. ಒಬ್ಬೊಬ್ಬರಿಗೂ ಅತ್ತೆ ಒಂದೇ ಪ್ರಶ್ನೆ ಕೇಳಿದರು. "ನಿಮ್ಮ ಕಾಯಿಲೆ ಹೆಸ್ರನ್ನ ನಾಲ್ಕು ಜನರೆದುರು ಓದ್ತಾರೆ. ಓದಿದಾಗ ಎದ್ದು ನಿಲ್ತೀರಾ? ಮನಸ್ಸಿಲ್ದಿದ್ರೆ ಬೇಡ, ಬೇಜಾರಿಲ್ಲ." ಹಾಲಿನ ಅಂಗಡಿಯವರ ಬಸುರಿ ಸೊಸೆ ಸರಿ ಎಂದಳು. ವಾಚ್‌ಮನ್ ತಾತ, "ನಿಲ್ಲೋದು ಕಷ್ಟ, ಪ್ರಯತ್ನ ಮಾಡ್ತೀನಿ" ಎಂದರು. ಮೊಡವೆಯ ಆಟೋ ಡ್ರೈವರ್ ನಾಚಿಕೊಂಡೇ ಒಪ್ಪಿದ. ಒಲ್ಲೆ ಎಂದವರು ಟೈಲರ್ ಮಾಸ್ಟರ್ ಒಬ್ಬರೇ. ಅವರದು ಕೂತಲ್ಲಿ ಕೂರಲಾಗದ ಕಾಯಿಲೆ. "ನಂದು ಮಾತ್ರ ಬೇಡಮ್ಮ. ಊರಿನವರ ಪ್ಯಾಂಟ್ ಅಳತೆ ತಗೊಳ್ಳೋನು ನಾನು. ನಾಳೆಯಿಂದ ಒಬ್ಬೊಬ್ಬನೂ ನಗ್ತಾನೆ." ಅತ್ತೆ, "ಆಯ್ತು ಮಾಸ್ಟರ್. ನಿಮ್ದು ಬಂದಾಗ ನಾನು ನೋಡ್ಕೋತೀನಿ" ಎಂದರು.

ಸಭೆಯ ದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದೆವು. ಒಳಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಮಡಚಿ ಇಟ್ಟಿದ್ದರು. ಸಾಮಾನು ತುಂಬಿ ಸಾಗಿಸಲು ಮಂಡಳಿಯವರೇ ಕಳಿಸಿದ್ದಂತೆ. ಎಲ್ಲಕ್ಕಿಂತ ಮೇಲಿನ ಪೆಟ್ಟಿಗೆಯ ಪಕ್ಕದಲ್ಲೇ ಆ ಪುಟ್ಟ ಯಂತ್ರ, ವೈರ್ ಸುತ್ತಿಕೊಂಡು ಕೂತಿತ್ತು. ಸಿಸ್ಟರ್ ನನ್ನ ಮುಖ ನೋಡಲಿಲ್ಲ. ಸಿಬ್ಬಂದಿ ಬಾಯಿ ಬಿಡಬಾರದೆಂದು ಅವರಿಗೆ ಆಜ್ಞೆಯಾಗಿತ್ತು.

ಮಂಡಳಿಯ ಅಧ್ಯಕ್ಷೆ ದಪ್ಪ ಕನ್ನಡಕದ, ನಗದ ಹೆಂಗಸು. ಜೊತೆಗೆ ದಾಖಲೆ ಓದುವ ಅಧಿಕಾರಿ, ಅವನ ಮುಂದೆ ಲ್ಯಾಪ್‌ಟಾಪ್. ಒಬ್ಬರೇ ರೋಗಿ ಎಂದು ತಿಳಿದು ಎದುರಿಗೆ ಒಂದೇ ಕುರ್ಚಿ ಹಾಕಿಸಿದ್ದರು. ಅಂಗಳ ತುಂಬ ಜನ ಬಂದು ನೆಲದ ಮೇಲೆ, ಬೆಂಚಿನ ಮೇಲೆ, ಕಾಂಪೌಂಡಿನ ಕಟ್ಟೆಯ ಮೇಲೆ ಕೂತಾಗ ಅಧಿಕಾರಿಗೆ ಇರಿಸುಮುರಿಸಾಯಿತು. "ನೋಂದಾಯಿತ ರೋಗಿ ಬಿಟ್ಟು ಬೇರೆ ಯಾರೂ ಮಾತಾಡುವಂತಿಲ್ಲ" ಎಂದು ಗಟ್ಟಿಯಾಗಿ ಹೇಳಿದ. ಯಾರೂ ತುಟಿ ಬಿಚ್ಚಲಿಲ್ಲ.

ಅತ್ತೆ ಆ ಒಂಟಿ ಕುರ್ಚಿಯಲ್ಲಿ ಕೂತರು. ಸೆರಗಿನಲ್ಲಿ ಸೂಜಿ ಹಾಗೇ ಇತ್ತು. "ಮೇಡಂ, ನಾನೇ ಆ ಒಬ್ಬ ರೋಗಿ. ನಿಮ್ಮ ಷರತ್ತಿನಲ್ಲಿ, ರೋಗಿ ಕೇಳಿದ್ರೆ ದಾಖಲೆ ಪೂರ್ತಿ ಓದಿ ಹೇಳ್ಬೇಕು ಅಂತಿದೆ. ನಂದು ಓದಿಸಿ. ಎಲ್ಲರೆದುರು ಓದೋಕೆ ನನ್ನ ಒಪ್ಪಿಗೆ ಇದೆ."

ಅಧ್ಯಕ್ಷೆ ತಲೆಯಾಡಿಸಿದರು. ಅಧಿಕಾರಿ ಓದತೊಡಗಿದ. "ಮೊಣಕಾಲು ಸವೆತ."

ಕಟ್ಟೆಯ ಮೇಲಿದ್ದ ವಾಚ್‌ಮನ್ ತಾತ ಕೋಲೂರಿ ಏಳತೊಡಗಿದರು. ಅರ್ಧ ಎದ್ದು ಅಯ್ಯೋ ಅಮ್ಮಾ ಎಂದರು. "ಮಾತಾಡೋ ಹಾಗಿಲ್ಲ ಅಂದ್ನಲ್ಲ" ಎಂದು ಅಧಿಕಾರಿ ಗದರಿದ. "ಮಾತಾಡ್ತಿಲ್ಲ ಸಾರ್, ನರಳ್ತಾ ಇದ್ದೀನಿ" ಎಂದು ತಾತ ಪೂರ್ತಿ ಎದ್ದು ನಿಂತರು.

ಅಧಿಕಾರಿ ಅತ್ತೆಯನ್ನೊಮ್ಮೆ, ತಾತನನ್ನೊಮ್ಮೆ ನೋಡಿದ. ಮುಂದಿನ ಸಾಲಿಗೆ ಹೋದ. "ಗರ್ಭಿಣಿ, ಏಳನೇ ತಿಂಗಳ ತಪಾಸಣೆ." ಹಾಲಿನ ಅಂಗಡಿಯ ಸೊಸೆ ಸೊಂಟಕ್ಕೆ ಕೈ ಕೊಟ್ಟು ಎದ್ದಳು. ಅವಳ ಹೊಟ್ಟೆ ನೋಡಿದ ಮೇಲೆ ಸಾಕ್ಷಿ ಬೇಕಿರಲಿಲ್ಲ. "ಕಣ್ಣಿನ ಪೊರೆ." ಇಸ್ತ್ರಿ ಅಂಗಡಿಯ ಅಜ್ಜಿ ಎದ್ದರು. "ಮಗುವಿಗೆ ಲಸಿಕೆ." ಒಬ್ಬ ತಾಯಿ ಎದ್ದಳು, ಕಂಕುಳಲ್ಲಿದ್ದ ಮಗು ಅಧಿಕಾರಿಯನ್ನು ನೋಡಿ ಕಿಟಾರನೆ ಕಿರುಚಿತು. ಅದಕ್ಕೆ ಯಾವ ನಿಯಮವೂ ಅನ್ವಯಿಸಲಿಲ್ಲ. "ಮುಖದ ಮೊಡವೆ." ಆಟೋ ಡ್ರೈವರ್ ತಲೆ ತಗ್ಗಿಸಿಕೊಂಡು ಎದ್ದ. ಸಾಲಿಗೊಬ್ಬರಂತೆ, ಕೆಲವೊಮ್ಮೆ ಸಾಲಿಗಿಬ್ಬರಂತೆ ಎದ್ದರು. ಅಧ್ಯಕ್ಷೆ ಪೆನ್ನನ್ನು ಕೆಳಗಿಟ್ಟು ಬರೀ ನೋಡುತ್ತಿದ್ದರು.

"ಮೂಲವ್ಯಾಧಿ" ಎಂದು ಅಧಿಕಾರಿ ಓದಿದ.

ಯಾರೂ ಏಳಲಿಲ್ಲ. ಮಾಸ್ಟರ್ ತಮ್ಮ ಚಪ್ಪಲಿಯನ್ನು ನೋಡುತ್ತಿದ್ದರು. ಅತ್ತೆ ಕತ್ತು ಕೊಂಕಿಸದೆ, "ಅದು ನಂದೇ" ಎಂದರು.

ಆಮೇಲೆ ಹಿಂದಿನಿಂದ ಮಾಸ್ಟರ್ ಎದ್ದರು. ನಿಯಮ ಮುರಿದೇ ಮಾತಾಡಿದರು. "ಅಲ್ಲ ಮೇಡಂ, ನಂದು. ಆಯಮ್ಮ ದಿನವಿಡೀ ನನ್ನ ಅಂಗಡೀಲಿ ಕಲ್ಲಿನ ಹಾಗೆ ಕೂತ್ಕೊಂಡು ಹೊಲೀತಾರೆ. ಕೂರೋಕಾಗ್ದೇ ಇರೋನು ನಾನು." ಯಾರೂ ನಗಲಿಲ್ಲ. ನಕ್ಕಿದ್ದರೆ ನಾನು ಅವರ ಚರ್ಮ ಸುಲಿಯುತ್ತಿದ್ದೆ.

"ಉಸಿರಾಟದ ತೊಂದರೆ" ಎಂದು ಅಧಿಕಾರಿ ಓದಿದ. ಅವನ ಧ್ವನಿ ಈಗ ಮೆತ್ತಗಾಗಿತ್ತು. "ಮತ್ತೆ ಉಸಿರಾಟದ ತೊಂದರೆ. ಮತ್ತೆ ಅದೇ."

ನನ್ನ ಗಂಡ ಎದ್ದರು. ಅಂಗಿಯ ತೋಳಿನ ಮೇಲೆ ಮರದ ಹೊಟ್ಟು ಹಾಗೇ ಇತ್ತು, ಕೆಲಸದಿಂದ ನೇರ ಬಂದಿದ್ದರು. ಅವರ ಪಕ್ಕದಲ್ಲಿ ನಾನೂ ಎದ್ದೆ. ನನಗೆ ಯಾವ ಕಾಯಿಲೆಯೂ ಇರಲಿಲ್ಲ, ಆದರೆ ಕೂತಿರಲು ಆಗಲಿಲ್ಲ. ಸುತ್ತ ನೋಡಿದರೆ ಅಂಗಳದಲ್ಲಿ ಕೂತಿದ್ದವರು ಅತ್ತೆ, ಅಧಿಕಾರಿ, ಅಧ್ಯಕ್ಷೆ ಮಾತ್ರ. ಅಷ್ಟು ಜನರೂ ನಮ್ಮವರೆನಿಸಿದರು.

ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿಕೊಂಡರು. "ಎಲ್ಲಾ ಸರಿಯಮ್ಮ. ಇದರಲ್ಲಿ ನಿಮ್ಮ ಕಾಯಿಲೆ ಯಾವುದು?"

"ನಂಗೇನಾಗಿದೆ ಮೇಡಂ? ಗುಂಡುಕಲ್ಲಿನ ಹಾಗಿದ್ದೀನಿ" ಎಂದರು ಅತ್ತೆ. "ನಾನು ಈ ಆಸ್ಪತ್ರೇಲಿ ಒಂದು ದಿನಾನೂ ತೋರಿಸ್ಕೊಂಡಿಲ್ಲ. ಒಬ್ಬ ರೋಗಿ ಅಂತ ಬರ್ದಿದ್ದೀರಲ್ಲ, ಆ ಒಬ್ಬಳನ್ನ ಹೊಡೆದುಹಾಕಿ. ನಿಂತಿರೋರನ್ನ ಎಣಿಸಿ."

ಮೊದಲು ನಕ್ಕವರು ಅಧ್ಯಕ್ಷೆ. ನಗದ ಹೆಂಗಸು ಎಂದೆನಲ್ಲ, ಆ ಮಾತು ವಾಪಸು. ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಗಳವೆಲ್ಲ ನಕ್ಕಿತು, ತಾತ ಮೊಣಕಾಲು ಮರೆತು ಕುಣಿದಂತೆ ಮಾಡಿದರು. ಕಿಟಕಿಯಲ್ಲಿ ನಿಂತಿದ್ದ ಸಿಸ್ಟರ್ ಕಣ್ಣೊರೆಸಿಕೊಳ್ಳುತ್ತಿದ್ದರು. ಅಧ್ಯಕ್ಷೆ ತಾವೇ ಎದ್ದು ಬಂದು, ಬೆರಳು ತೋರಿಸುತ್ತ ಒಬ್ಬೊಬ್ಬರನ್ನೂ ಎಣಿಸಿದರು. "ನಾನು ಕಣ್ಣಾರೆ ನೋಡಿದ್ದನ್ನೇ ಬರೀತೀನಿ. ತೀರ್ಮಾನ ಸದನದಲ್ಲಿ ಹೇಳ್ತಾರೆ. ಆಮೇಲೆ, ಆ 'ಬೇರೆಯವರಿಗೆ' ಅನ್ನೋದನ್ನೂ ಸರಿ ಮಾಡಿಸ್ತೀನಿ" ಎಂದು ಅತ್ತೆಯ ಕೈ ಹಿಡಿದರು. ಅತ್ತೆ ಕೈ ಬಿಡಿಸಿಕೊಳ್ಳದೆ, "ಅಪ್‌ಡೇಟ್ ಯಾವತ್ತು ಬರುತ್ತೆ ಮೇಡಂ?" ಎಂದು ಕೇಳಿದರು.

ಅಪ್‌ಡೇಟ್ ಬಂದೇ ಬಂತು. ಈಗ ಹುಟ್ಟಿದ ದಿನ ಗೊತ್ತಿಲ್ಲದವರಿಗೆ 'ಗೊತ್ತಿಲ್ಲ' ಎಂದೊಂದು ಬಟನ್ ಇದೆ, ಫೋನಿಲ್ಲದವರಿಗೆ 'ಫೋನಿಲ್ಲ' ಎಂದಿದೆ. ಅತ್ತೆ ಅಂಗಡಿಯಲ್ಲಿ ಕೂತು ಬೀದಿಯವರನ್ನೆಲ್ಲ ಹೊಸದಾಗಿ ಒಬ್ಬೊಬ್ಬರಾಗಿ ಸೇರಿಸಿದರು. ಆದರೆ ಸದನದಿಂದ ತೀರ್ಮಾನ ಬರಲಿಲ್ಲ. ರಟ್ಟಿನ ಪೆಟ್ಟಿಗೆಗಳು ಒಳಕೋಣೆಯಲ್ಲೇ ಇದ್ದವು. ಆಸ್ಪತ್ರೆಯ ಮುಂದೆ ಹಾದುಹೋಗುವಾಗಲೆಲ್ಲ ನಾನು ಕಿಟಕಿಯಲ್ಲಿ ಇಣುಕಿ, ಅವನ್ನು ಬಿಡಿಸಿದ್ದಾರೋ ಎಂದು ನೋಡುತ್ತಿದ್ದೆ.

ಹವೆ ತಣ್ಣಗಾದ ಒಂದು ಬೆಳಿಗ್ಗೆ ನನ್ನ ಗಂಡನ ಎದೆಯಲ್ಲಿ ಸಿಳ್ಳೆ ಶುರುವಾಯಿತು. ನಾವು ಮೂವರೂ ಬೀದಿಯ ಕೊನೆಗೆ ನಡೆದೆವು, ಅವರು ನನ್ನ ಭುಜ ಹಿಡಿದುಕೊಂಡು. ಸಿಸ್ಟರ್ ಸದ್ದು ಕೇಳಿಯೇ ವೈರ್ ಚುಚ್ಚಿದ್ದರು. ಅವರನ್ನು ಒಳಗೆ ಕೂರಿಸಿ ಮಾಸ್ಕ್ ಹಾಕಿದರು, ಯಂತ್ರ ಗುರ್ರೆಂದಿತು. ನಾನೂ ಅತ್ತೆಯೂ ಹೊರಗೆ ಬೆಂಚಿನ ಮೇಲೆ ಕೂತೆವು. ಅತ್ತೆ ಫೋನ್ ತೆಗೆದು 'ಬೇರೆಯವರಿಗೆ' ಒತ್ತಿದರು. ಸಂಬಂಧ ಎಂಬಲ್ಲಿ 'ಮಗ' ಎಂದು ಒಂದೊಂದೇ ಅಕ್ಷರ ಒತ್ತಿ ಬರೆದು, ಸರಿಯಾಗಿದೆಯಾ ನೋಡು ಎಂದು ನನಗೆ ತೋರಿಸಿದರು.

ಟೋಕನ್ ಬಂದ ಮೇಲೆ ಇಯರ್‌ಫೋನಿನ ಒಂದು ಎಳೆಯನ್ನು ತಮ್ಮ ಕಿವಿಗೆ ಹಾಕಿಕೊಂಡರು. ಸದನ ಶುರುವಾಗಿತ್ತು. ನಾನು ಕೈ ಚಾಚಿ ಇನ್ನೊಂದು ಎಳೆಯನ್ನು ತೆಗೆದುಕೊಂಡೆ. ಅವರು ನನ್ನನ್ನು ಓರೆಗಣ್ಣಿನಲ್ಲಿ ನೋಡಿ ಧ್ವನಿ ಜೋರು ಮಾಡಿದರು. ಮಂತ್ರಿ ನೀರು ಕುಡಿಯುವ ಸದ್ದು ಕೇಳಿಸಿತು. "ಒಬ್ಬರೇ ರೋಗಿ ಎಂದು ನಾನು ಈ ಸದನಕ್ಕೆ ಹೇಳಿದ್ದು ತಪ್ಪು" ಎಂದು ಶುರುಮಾಡಿದರು. ನಮ್ಮ ಬೀದಿಯ ಹೆಸರು ಹೇಳಿದರು. ಆ ಆಸ್ಪತ್ರೆ ಇದ್ದಲ್ಲೇ ಇರುತ್ತದೆ, ಮುಚ್ಚುವ ಪಟ್ಟಿಯಿಂದ ಅದನ್ನು ತೆಗೆದಿದ್ದೇವೆ ಎಂದರು.

ಅತ್ತೆ ಬೆಂಚಿನಿಂದ ಎದ್ದೇಬಿಟ್ಟರು. ಎಳೆ ನನ್ನ ಕಿವಿಯಿಂದ ಕಿತ್ತುಬಂತು. ಕಿಟಕಿಗೆ ಮುಖ ಕೊಟ್ಟು, "ಮಗಾ, ಮುಚ್ಚಲ್ವಂತೆ ಕಣೋ" ಎಂದು ಕೂಗಿದರು. ಸಿಸ್ಟರ್ ರಟ್ಟಿನ ಪೆಟ್ಟಿಗೆಗಳನ್ನು ಎತ್ತಿ ಬಾಗಿಲಿನಿಂದ ಅಂಗಳಕ್ಕೆ ಒಂದೊಂದಾಗಿ ಎಸೆದರು. ನನ್ನ ಗಂಡ ಮಾಸ್ಕಿನೊಳಗಿಂದ ಏನೋ ಹೇಳಿದರು, ಯಂತ್ರದ ಸದ್ದಿನಲ್ಲಿ ಕೇಳಿಸಲಿಲ್ಲ. ನಾನು ಒಳಗೆ ಹೋಗಿ ಅವರ ಕೈ ಹಿಡಿದೆ. ಹಿಡಿತ ಗಟ್ಟಿಯಾಗಿತ್ತು.